ಗುಳಿಗೆ ಚೀಟಿಯಲ್ಲಿ ಅಳಿಸಿದ ಹೆಸರು

ಗಿರಿಜಾ, ನಾನು ನಿನಗೆ ಸುಳ್ಳು ಹೇಳಿದ್ದೆ. ನಮ್ಮ ಔಷಧ ಅಂಗಡಿ ಸಾಫ್ಟ್‌ವೇರಿನಲ್ಲಿ ಕನ್ನಡ ಚೀಟಿ ಮುದ್ರಿಸುವ ಭಾಗ ನಾನು ಬರೆದದ್ದಲ್ಲ — ಅದು ನಿನ್ನದು. ಒಂದೊಂದು ಸಾಲೂ ನಿನ್ನದೇ.

ಅಥಣಿ, ರಾಯಬಾಗದ ಕಡೆಯಿಂದ ಮಿರಜಿನ ದವಾಖಾನೆಗಳಿಗೆ ಬಂದ ಮಂದಿ, ಇಂಗ್ಲಿಷ್ ಚೀಟಿ ಹಿಡಿದುಕೊಂಡು ಸ್ಟೇಶನ್ನಿನಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿದ್ದುದನ್ನು ನೋಡಿ ನೀನು ಆ ಪ್ರೋಗ್ರಾಮ್ ಬರೆದೆ. ಯಾವ ಔಷಧ ಯಾವಾಗ ಎಂದು ಕನ್ನಡದಲ್ಲಿ ಮುದ್ರಿಸುವುದು, ಅಷ್ಟೇ. ಪುಸ್ತಕದ ಕನ್ನಡ ಬೇಡವೆಂದು ಹಟ ಹಿಡಿದೆ. ‘ಮುಂಜಾನೆ ಊಟಾ ಆದಮ್ಯಾಲ ಒಂದು ಗುಳಿಗಿ’ — ನಿಮ್ಮವ್ವ ಮನೆಯಲ್ಲಿ ಹೇಳುವ ಹಾಗೆಯೇ. ಆಮೇಲೆ ಅದನ್ನು ಓಪನ್ ಸೋರ್ಸ್ ಲೈಸೆನ್ಸಿನಲ್ಲಿ ಎಲ್ಲರಿಗೂ ತೆರೆದಿಟ್ಟೆ. ಯಾರಾದರೂ ಬಳಸಲಿ, ಬೇಕಾದರೆ ಮಾರಲಿ. ಬರೆದವರ ಹೆಸರು ಅಳಿಸಬಾರದು, ಅದನ್ನು ಸೇರಿಸಿ ಮಾಡಿದ ಸಾಫ್ಟ್‌ವೇರಿನ ಕೋಡನ್ನು ಕೊಂಡವರಿಗೂ ಹೀಗೇ ತೆರೆದು ಕೊಡಬೇಕು. ನೀನು ಕೇಳಿದ್ದು ಇಷ್ಟೇ.

ಆಗ ನಾನು, ನಮ್ಮ ಕಾಕಾ ಸೇರಿ ಮಿರಜಿನ ಪಕ್ಕದ ಕುಪವಾಡದಲ್ಲಿ ಔಷಧ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದೆವು. ನಿನ್ನ ಲೈಸೆನ್ಸಿನ ವಿಷಯ ಹೇಳಿದಾಗ ಕಾಕಾ, “ಕೋಡ್ ಕೊಟ್ಟಮ್ಯಾಲ ನಾವು ಮಾರೂದೇನಪಾ? ಏನ್ ಮಾಡ್ತಿ, ನೀ ನೋಡು” ಅಂದರು. ಉತ್ತರ ನನ್ನಲ್ಲಿತ್ತು — ಅಂಗಡಿಯವರು ದುಡ್ಡು ಕೊಡುತ್ತಿದ್ದುದು ನಾವು ಹೋಗಿ ಕಲಿಸಿ, ಕೆಟ್ಟಾಗ ಸರಿಮಾಡಿ ಬರುತ್ತಿದ್ದುದಕ್ಕೆ. ಅದನ್ನು ಹೇಳಲಿಲ್ಲ. ಸ್ವಂತದ್ದೊಂದು ಬರೆಯಬಹುದಿತ್ತು, ಅದನ್ನೂ ಮಾಡಲಿಲ್ಲ. ನಿನ್ನ ಪ್ರೋಗ್ರಾಮನ್ನೇ ನಮ್ಮದರಲ್ಲಿ ಸೇರಿಸಿ, ನಿನ್ನ ಹೆಸರಿದ್ದ ಸಾಲನ್ನು ಅಳಿಸಿದೆ, ಕೋಡನ್ನು ಯಾರಿಗೂ ಕಾಣದಂತೆ ಮುಚ್ಚಿದೆ.

ಸಾಂಗ್ಲಿಯ ಹೊಳೆಯ ಘಾಟಿನ ಮೆಟ್ಟಿಲ ಮೇಲೆ, ಆ ಸಂಜೆ, ನೀನು ನಗುತ್ತಲೇ ಕೇಳಿದೆ. “ಸಂಜು, ನಿಮ್ಮ ಚೀಟಿ ನಂದರ ಹಂಗ ಕಾಣತೈತಿ. ನನ್ನ ಕೋಡ್ ತಗೊಂಡಿಯೇನು?”

“ಇಲ್ಲ. ಎಲ್ಲಾ ಹೊಸದಾಗಿ ನಾನ ಬರದೇನಿ.”

“ಹಂಗಾರ ಚಲೋ ಆತು. ನಿಂದು ಇದ್ದಮ್ಯಾಲ ನಂದು ಯಾಕ ಬೇಕು?” ಅಂದೆ ನೀನು. ನಂಬಿ ಹಾಗಂದೆಯೋ, ತಿಳಿದೇ ಅಂದೆಯೋ — ಇವತ್ತಿಗೂ ನನಗೆ... ಅಲ್ಲಿಂದ ನೀನು ನಿನ್ನ ಪ್ರೋಗ್ರಾಮನ್ನು ಮುಟ್ಟಲಿಲ್ಲ. ಹೊಸ ಕಂಪ್ಯೂಟರುಗಳಲ್ಲಿ ಅದು ನಡೆಯದಾಯಿತು.

ಅಂದು ನಾನು ಬೇರೆ ಮಾತು ಕೇಳಬೇಕೆಂದು ಬಂದಿದ್ದೆ — ಮನೆಯವರನ್ನು ಕರೆದುಕೊಂಡು ನಿಮ್ಮ ಮನೆಗೆ ಬರಲೇ ಎಂದು. ಆ ಸುಳ್ಳಾಡಿದ ಬಾಯಿಂದ ಅದು ಹೊರಡಲಿಲ್ಲ. ಮರುವರ್ಷ ನೀನು ಪಾಠ ಹೇಳಲು ಧಾರವಾಡಕ್ಕೆ ಹೋದೆ.

ಈಗ ಮಿರಜಿನ ಎಷ್ಟೋ ಅಂಗಡಿಗಳಲ್ಲಿ ನಮ್ಮ ಸಾಫ್ಟ್‌ವೇರಿನಿಂದ ಆ ಚೀಟಿ ಬರುತ್ತದೆ. ಯಾರೋ ಮುದುಕಿ ಅದನ್ನು ಮೆಲ್ಲಗೆ ಓದಿಕೊಳ್ಳುತ್ತಾಳೆ. ನನಗೆ ನಿನ್ನ ದನಿ ಕೇಳುತ್ತದೆ. ಕೇಳಬೇಕೆಂದೇ ಕೆಲವೊಮ್ಮೆ ಹೋಗಿ ನಿಲ್ಲುತ್ತೇನೆ — ಕೊಳ್ಳುವುದು ಏನೂ ಇರುವುದಿಲ್ಲ.

ನಿನ್ನೆ ಕಾಕಾಗೆ ಎಲ್ಲ ಹೇಳಿದೆ. ಈ ವಾರವೇ ನಮ್ಮ ಕೋಡನ್ನೆಲ್ಲ ನಿನ್ನ ಹೆಸರಿನೊಂದಿಗೆ ತೆರೆದಿಡುತ್ತೇನೆ. ಮುಚ್ಚಿಟ್ಟ ವರ್ಷಗಳು ಅದರಿಂದ ಮರಳುವುದಿಲ್ಲ, ನೀನೂ ಮರಳುವುದಿಲ್ಲ. ಆ ಸಂಜೆ ‘ಹೌದು’ ಅಂದಿದ್ದರೆ ನೀನು ಬೈಯುತ್ತಿದ್ದೆ; ಬೈದು, ಪಕ್ಕದಲ್ಲೇ ಕೂತು ಸರಿಮಾಡಿಸುತ್ತಿದ್ದೆ. ಅದು ನನಗೆ ಆಗಲೂ ಗೊತ್ತಿತ್ತು.