ಕಂಬಿ ಬಿಡಿ, ನಡೀರಿ

ಬೆಳಗಿನ ಆರೂವರೆ. ಆಸ್ಪತ್ರೆಯ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಆಕೆ ಬಸ್ ಡ್ರೈವರೊಬ್ಬನ ಎದೆಯ ಕೂದಲು ಬೋಳಿಸಿ, ಹೃದಯದ ಬಡಿತ ದಾಖಲಿಸುವ ಹತ್ತು ಬಿಲ್ಲೆ ಅಂಟಿಸಿ, ತಂತಿ ಸಿಕ್ಕಿಸುತ್ತಿದ್ದಾಳೆ.

"ಇನ್ಮೇಲೆ ಕ್ಷೌರಕ್ಕೂ ಇಲ್ಲೇ ಬರ್ತೀನಿ ಬಿಡಿ ಅಕ್ಕಾ" ಎನ್ನುತ್ತಾನೆ ಆತ. ಏಳು ತಿಂಗಳ ಹಿಂದೆ ಅವನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ನಾಳ ಮತ್ತೆ ಕಿರಿದಾಗಿಲ್ಲವೆಂದು ಇಂದಿನ ಪರೀಕ್ಷೆ ಹೇಳಿದರೆ ಸ್ಟೀರಿಂಗ್ ಕೈಗೆ ಬರುತ್ತದೆ. ಇಲ್ಲದಿದ್ದರೆ ಡಿಪೋದ ಬೆಂಚೇ ಗತಿ.

ರೋಗಿಗಳ ಬಾಯಲ್ಲಿ ಆಕೆ 'ಓಡಿಸೋ ಅಕ್ಕ'. ಹದಿನಾರು ವರ್ಷದಿಂದ ದಿನಕ್ಕೆ ಹತ್ತು ಹನ್ನೆರಡು ಜನರನ್ನು ಟ್ರೆಡ್‌ಮಿಲ್ ಹತ್ತಿಸುತ್ತಾಳೆ. ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತವೆ. ವರದಿಗೆ ಡಾಕ್ಟರ ಸಹಿ; ಆಕೆಯ ಹೆಸರು ಎಲ್ಲೂ ಇರುವುದಿಲ್ಲ. ಉಳಿದವರು ಪರದೆಯ ಮೇಲೆ ಹೃದಯದ ಗೆರೆ ನೋಡಿದರೆ ಆಕೆ ಟ್ರೆಡ್‌ಮಿಲ್‌ನ ಕಂಬಿ ಹಿಡಿದ ಕೈ ನೋಡುತ್ತಾಳೆ.

"ಕಂಬಿ ಬಿಗಿಯಾಗಿ ಹಿಡಿದ್ರೆ ಮೈಭಾರ ಕೈಗೆ ಹೋಗುತ್ತೆ, ಹೃದಯಕ್ಕೆ ಕೆಲಸಾನೇ ಬೀಳಲ್ಲ. ಗೆರೆ ಚೆನ್ನಾಗೇ ಬರುತ್ತೆ. ಆದ್ರೆ ಸುಳ್ಳು" ಎನ್ನುತ್ತಾಳೆ.

ಒಂಬತ್ತು ವರ್ಷದ ಹಿಂದೆ, ಸ್ಟೆಂಟ್ ಹಾಕಿಸಿಕೊಂಡಿದ್ದ ಆಕೆಯ ಸ್ವಂತ ಅಕ್ಕನ ಗಂಡ ಇದೇ ಯಂತ್ರ ಹತ್ತಿದ್ದರು. ಏದುಸಿರು ಬಿಡುತ್ತ ಕಂಬಿಗೆ ಜೋತುಬಿದ್ದರು. "ದೊಡ್ಡವರು, 'ಕಂಬಿ ಬಿಡಿ' ಅನ್ನೋಕೆ ಬಾಯಿ ಬರ್ಲಿಲ್ಲ." ವರದಿ ಸರಿಯಾಗಿಯೇ ಬಂತು. ಇಪ್ಪತ್ತನೇ ದಿನ ಭಾವ ಬಚ್ಚಲಲ್ಲಿ ಕುಸಿದವರು ಏಳಲಿಲ್ಲ. ತಪ್ಪು ತನ್ನದೆಂದು ಅಕ್ಕನಿಗೆ ಹೇಳಿಕೊಂಡಳು. "ಬೈದಿದ್ರೆ ಹಗುರಾಗ್ತಿತ್ತು. ಅವಳು ನನ್ನ ಊಟದ ಡಬ್ಬಿ ತೊಳೆದಿಟ್ಟಳು. ಇವತ್ತಿಗೂ ಆ ಮಾತೆತ್ತಿಲ್ಲ."

ಅಂದಿನಿಂದ ಪ್ರತಿಯೊಬ್ಬರ ಅಂಗೈ ಕೆಳಗೆ, ಕಂಬಿಯ ಮೇಲೆ, ಆಕೆ ಒಂದು ಕಾಗದದ ಚೂರು ಇಡುತ್ತಾಳೆ. ಅದು ಮುದುಡಿದರೆ ಹಿಡಿತ ಬಿಗಿಯಾಯಿತೆಂದೇ ಅರ್ಥ.

ಡ್ರೈವರ್ ಟ್ರೆಡ್‌ಮಿಲ್ ಹತ್ತಿದ ಐದನೇ ನಿಮಿಷಕ್ಕೆ ಅವನ ಕಾಗದ ಮುದುಡುತ್ತದೆ.

"ಅಣ್ಣಾ, ಕಂಬಿ ಬಿಡಿ. ನಡೀರಿ."

"ಬಿದ್ರೆ?"

"ಹಿಡ್ಕೊಳ್ಳೋಕೆ ನಾನಿಲ್ವಾ?"

ಬಿಡುತ್ತಾನೆ. ಏಳನೇ ನಿಮಿಷಕ್ಕೆ ಗೆರೆ ಕೆಳಗೆ ಜಗ್ಗುತ್ತದೆ. ಅವನ ಕೈ ಎದೆಗೆ ಹೋಗುತ್ತದೆ. ಪರದೆ ನೋಡುತ್ತಿದ್ದ ಡಾಕ್ಟರು ತಲೆಯಾಡಿಸುವಷ್ಟರಲ್ಲಿ ಆಕೆ ಯಂತ್ರ ನಿಲ್ಲಿಸಿ, ಅವನ ತೋಳು ಹಿಡಿದಿದ್ದಾಳೆ. ನಾಳ ಮತ್ತೆ ಕಟ್ಟಿಕೊಳ್ಳುತ್ತಿರುವಂತಿದೆ, ಇವತ್ತೇ ದಾಖಲಾಗಬೇಕು ಎನ್ನುತ್ತಾರೆ ಡಾಕ್ಟರು.

ನಾಲಿಗೆಯಡಿ ಮಾತ್ರೆ ಇಟ್ಟುಕೊಂಡೇ ಆತ ಗೊಣಗುತ್ತಾನೆ: "ಹಿಡ್ಕೊಂಡಿದ್ರೆ ಪಾಸಾಗ್ತಿದ್ದೆ. ನನ್ನ ಅನ್ನಕ್ಕೆ ಕಲ್ಲು ಹಾಕಿದ್ರಿ."

"ಹೌದಣ್ಣ, ಹಾಕ್ದೆ" ಎನ್ನುತ್ತಾಳೆ ಆಕೆ, ಅವನ ಎದೆಯ ಅಂಟು ಒರೆಸುತ್ತ.

ಅವನ ಗಾಲಿಕುರ್ಚಿ ಬಾಗಿಲು ದಾಟಿದ ಮೇಲೆ ಕಂಬಿ ಒರೆಸಿ, ಹೊಸ ಕಾಗದ ಹರಿಯುತ್ತಾಳೆ. ಹೊರಗೆ ಮುಂದಿನವರು ಶರ್ಟು ಬಿಚ್ಚುತ್ತಿದ್ದಾರೆ.

"ಬರೋ ವರ್ಷ ಆ ಡ್ರೈವರಣ್ಣ ಬರ್ಲಿ" ಎನ್ನುತ್ತಾಳೆ ಮೆಲ್ಲಗೆ. "ನನ್ನ ಬೈಯೋಕಾದ್ರೂ ಬರ್ಲಿ."