ನಿಲ್ಲುವ ನೆಲಕ್ಕೊಂದು ಸಹಿ

ಕೇರಳದ ಕರಾವಳಿಯ ಮೆತ್ತನೆಯ ಜೇಡಿಯಲ್ಲಿ ಕಟ್ಟಡಗಳ ಅಡಿಪಾಯಕ್ಕೆ ಪೈಲ್ ಎಂಬ ಆಳದ ಕಂಬ ಇಳಿಸುವವರಲ್ಲಿ ಶ್ರೀ ಯಜ್ಞನಾರಾಯಣ ರಾಯರ ಹೆಸರು ಕೇಳದವರಿಲ್ಲ. ಕೇಳಿದವರಲ್ಲಿ ಒಮ್ಮೆಯಾದರೂ ಅವರ ಮೇಲೆ ಸಿಡುಕದವರೂ ಇಲ್ಲ. ಮೈಸೂರಿನಿಂದ ಬಂದು, ತಿರುವನಂತಪುರದ ನಮ್ಮ ಸಂಸ್ಥೆಯಲ್ಲಿ ಮೂರು ದಶಕ ಮಣ್ಣಿನ ಪರೀಕ್ಷೆಯಲ್ಲೇ ಸವೆದು, ಕೊನೆಯ ವರ್ಷಗಳಲ್ಲಿ ಪೈಲಿಂಗ್ ಮಾರ್ಗಸೂಚಿ ಸಮಿತಿಯ ಅಧ್ಯಕ್ಷರಾಗಿ ಕೊಚ್ಚಿಗೆ ಓಡಾಡುವ ರೈಲಿನಲ್ಲೇ ಸಂಸಾರ ಹೂಡಿದಂತಿದ್ದ ಈ ಹಿರಿಯರ ಬಗ್ಗೆ ಬರೆಯುವ ಭಾಗ್ಯ, ಆ ಸಮಿತಿಯ ಕಾರ್ಯದರ್ಶಿಯಾಗಿದ್ದ ಕಾರಣಕ್ಕೆ ನನ್ನ ಪಾಲಿಗೆ ಬಂದಿದೆ. ಒಳ್ಳೆಯ ಮಾತುಗಳನ್ನೇ ಬರೆಯಬೇಕೆಂದು ಈ ಸಂಚಿಕೆಯ ಸಂಪಾದಕರು ಸೂಚಿಸಿದ್ದಾರೆ. ಆದಷ್ಟು ಪ್ರಯತ್ನಿಸುತ್ತೇನೆ.

ನಾನು ವರ್ಗವಾಗಿ ತಿರುವನಂತಪುರಕ್ಕೆ ಬಂದಾಗ ನಮಗೊಂದು ಬಾಡಿಗೆ ಮನೆ ಹುಡುಕುವ ಹೊಣೆಯನ್ನು ರಾಯರು ತಾವಾಗಿಯೇ ಹೊತ್ತರು. ಯಾವ ಮನೆಗೆ ಹೋದರೂ ಅಡುಗೆಮನೆ ನೋಡಲಿಲ್ಲ, ನೀರಿನ ಅನುಕೂಲ ಕೇಳಲಿಲ್ಲ. ನಡುಮನೆಯಲ್ಲಿ ನಿಂತು ಕುಪ್ಪಳಿಸುತ್ತಿದ್ದರು. ಆಮೇಲೆ ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ಬೆರಳಾಡಿಸಿ, "ಗದ್ದೆ ತುಂಬ್ಸಿ ಕಟ್ಟಿದಾರಮ್ಮ, ಬೇಡ" ಎನ್ನುತ್ತಿದ್ದರು. ಹೀಗೆ ಊರಿನ ಒಳ್ಳೊಳ್ಳೆಯ ಮನೆಗಳೆಲ್ಲ ನಮ್ಮ ಕೈತಪ್ಪಿದವು. ಅಷ್ಟು ಕಾಲವೂ ನಮ್ಮನ್ನು ಲಾಡ್ಜಿನಲ್ಲಿರಲು ಬಿಡದೆ ತಮ್ಮ ಮನೆಯಲ್ಲೇ ಇರಿಸಿಕೊಂಡರು. ಅವರ ಶ್ರೀಮತಿ ರಾಜಲಕ್ಷ್ಮಿಯವರು ಬಡಿಸಿದ ಹುಳಿಯ ಋಣ ಈ ಜನ್ಮದಲ್ಲಿ ತೀರುವುದಿಲ್ಲ. ಕನ್ನಡ ತಿಳಿದರೂ ಮಲಯಾಳದಲ್ಲೇ ಮಾತಾಡುವ ನನ್ನ ಮಗಳು ಗ್ರೀಷ್ಮಾ ಇಂದಿಗೂ ಯಾರ ಮನೆಗೆ ಹೋದರೂ ಮೊದಲು "ಅಂಕಲೇ, ಚಾಡಿಕ್ಕೋಟ್ಟೆ?" ಎಂದು ಕುಪ್ಪಳಿಸಲು ಅಪ್ಪಣೆ ಕೇಳುತ್ತಾಳೆ.

ಇನ್ನು ಮಾರ್ಗಸೂಚಿಯ ವಿಷಯ. ಪೈಲ್ ಕೊರೆಯುವ ರಿಗ್ ಎಂಬ ಭಾರಿ ಯಂತ್ರ ಮಗುಚಿದರೆ ಅದು ಬಹುತೇಕ ಯಂತ್ರದ ತಪ್ಪಲ್ಲ, ಕೆಳಗಿನ ನೆಲ ಕುಸಿದಿರುತ್ತದೆ. ಆದ್ದರಿಂದ ನೆಲವನ್ನು ಪರೀಕ್ಷಿಸಿ, ಇದು ಭಾರ ತಾಳುತ್ತದೆಂದು ಯಾರಾದರೊಬ್ಬರು ತಮ್ಮ ಹೆಸರು ಬರೆದು ಸಹಿ ಹಾಕದ ಹೊರತು ರಿಗ್ ಒಳಗೆ ಬರಕೂಡದು ಎಂಬ ನಿಯಮ ಸೇರಲೇಬೇಕೆಂದು ರಾಯರು ಹಟ ಹಿಡಿದಿದ್ದರು. ಗುತ್ತಿಗೆದಾರರ ಪ್ರತಿನಿಧಿ, ಕಾರ್ಕಳ ಮೂಲದ ಧರಣೇಂದ್ರರಿಗೆ ಅದು ಬರೀ ಕಾಲಹರಣವೆನಿಸಿತ್ತು. ಸಮಿತಿಯಲ್ಲಿ ಒಬ್ಬರು ಬೇಡವೆಂದರೂ ನಿಯಮ ಬಿದ್ದುಹೋಗುತ್ತಿತ್ತು. ರಾಯರ ನಿವೃತ್ತಿ ಹತ್ತಿರವಾಗಿತ್ತು. ಅವರ ಜೊತೆಗೇ ಈ ನಿಯಮವೂ ಮನೆಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಇಷ್ಟು ಹಟವೇಕೆಂದು ಆಲುವ ಸ್ಟೇಷನ್ನಿನಲ್ಲಿ ರೈಲು ಕಾಯುತ್ತ ಒಮ್ಮೆ ಕೇಳಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಉರುಳಿದ ರಿಗ್ಗಿನ ಅಡಿಯಿಂದ ಚಾಲಕನ ದೇಹ ಹೊರತೆಗೆಯುವಾಗ ಅವರು ಅಲ್ಲಿದ್ದರಂತೆ. "ಈ ನೆಲ ನೋಡಿದವರು ಯಾರು ಅಂತ ಕೇಳ್ದೆ ಕಣಮ್ಮ ಕೃಪಾ. ಎಲ್ರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು" ಎಂದರು.

ಅವರ ಅಧ್ಯಕ್ಷತೆಯ ಕೊನೆಯ ಸಭೆಯನ್ನು ಧರಣೇಂದ್ರರು ಬೇಕೆಂದೇ ಕೊಚ್ಚಿಯ ಮಟ್ಟಾಂಚೇರಿಯಲ್ಲಿ, ಹಳೆಯ ಗೋದಾಮು ಕೆಡವಿದ ಜಾಗದಲ್ಲಿ ಇರಿಸಿದರು. ನೆಲವನ್ನು ಬೂಟಿನಿಂದ ತಟ್ಟಿ, "ಇಲ್ಲಿ ಆನೆ ನಿಂತ್ರೂ ಇಳಿಯುದಿಲ್ಲ ಸಾರ್. ಇದಕ್ಕೆಲ್ಲ ಎಂತ ಸಹಿ ಮಾರಾಯ್ರೇ!" ಎಂದರು. ಅಷ್ಟರಲ್ಲಿ ಸಮಿತಿಯ ಊಟದ ವ್ಯಾನು ಬಂತು. ಧರಣೇಂದ್ರರು ತಾವೇ ಎದುರು ನಿಂತು, "ಬರ್ಲಿ, ಬರ್ಲಿ" ಎಂದು ಕೈಬೀಸಿ ಅದನ್ನು ಜಾಗದ ನಟ್ಟನಡುವಿಗೆ ಕರೆಸಿಕೊಂಡರು. ಆನೆ ಹೇಗೋ ಏನೋ, ವ್ಯಾನು ಮಾತ್ರ ನಿಂತಲ್ಲೇ ಒಂದು ಕಡೆಗೆ ವಾಲಿ ಹಿಂಬಾಗಿಲವರೆಗೂ ಹೂತುಹೋಯಿತು. ನಾವೆಲ್ಲ ಊಟದ ಗತಿ ನೋಡುತ್ತಿದ್ದಾಗ ರಾಯರೊಬ್ಬರು ಪಂಚೆ ಎತ್ತಿಕಟ್ಟಿ ಕೆಸರಿಗಿಳಿದು ಚಾಲಕ ವಿಠಲನನ್ನು ಕೈಹಿಡಿದು ಇಳಿಸಿದರು.

ಊಟದ ಗುತ್ತಿಗೆ ಕಾಸರಗೋಡಿನ ಜುಬೈದಾ ಅವರದು. ಇನ್ನೊಂದು ಪಕ್ಕದಿಂದ ಇಳಿದುಬಂದ ಆಕೆ ಸೊಂಟಕ್ಕೆ ಕೈಯಿಟ್ಟು, "ಹಿಂದಿನ ಬಾಗ್ಲು ತೆಗೀಲಿಕ್ಕೆ ಆಗುದಿಲ್ಲ. ಅವಿಯಲ್ ಎಲ್ಲ ಪಾಯಸದೊಳಗೆ ಬಿದ್ದಿದೆ. ಇಲ್ಲಿ ಗಾಡಿ ತರ್ಲಿಕ್ಕೆ ಹೇಳಿದ್ದು ಯಾರು?" ಎಂದು ಗುಡುಗಿದರು. ಇಂಜಿನಿಯರುಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಧರಣೇಂದ್ರರು ಮಾತ್ರ ತಲೆ ತಗ್ಗಿಸಿ, "ನಾನೇ" ಎಂದರು. ರಾಯರು ನಗಲಿಲ್ಲ, ಅವರ ಹೆಗಲ ಮೇಲೆ ಕೆಸರುಗೈ ಇಟ್ಟರು. ಪಾಯಸದ ಪರಿಮಳದ ನಡುವೆ, ಖಾಲಿ ಹೊಟ್ಟೆಯಲ್ಲಿ, ನಿಯಮ ಸರ್ವಾನುಮತದಿಂದ ಅಂಗೀಕಾರವಾಯಿತು.

ಕಳೆದ ತಿಂಗಳು ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಬೀಳ್ಕೊಡುಗೆ. ಹಲಗೆಯ ವೇದಿಕೆ ಹಾಕಿಸಿದ್ದೆವು. ಹಾರ ಹಿಡಿದು ನಾವು ಮೇಲೆ ಕಾಯುತ್ತಿದ್ದರೆ ರಾಯರು ಮೆಟ್ಟಿಲ ಬುಡದಲ್ಲೇ ನಿಂತು, "ಇದನ್ನ ನೋಡಿದವರು ಯಾರು?" ಎಂದರು. ಸಭೆ ಗೊಳ್ಳೆಂದು ನಕ್ಕಿತು. ಹಿಂದಿನ ಸಾಲಿನಿಂದ ಧರಣೇಂದ್ರರು ಎದ್ದುಬಂದು ಜೇಬಿನಿಂದ ಒಂದು ಕಾಗದ ತೆಗೆದುಕೊಟ್ಟರು. "ನಾನು ನೋಡಿದ್ದೇನೆ ಸಾರ್. ಬೆಳಿಗ್ಗೆಯೇ ಬಂದು ಮೂಲೆಮೂಲೆಯಲ್ಲೂ ಹಾರಿ ನೋಡಿದ್ದೇನೆ. ಹೆಸರೂ ಉಂಟು, ಸಹಿಯೂ ಉಂಟು." ರಾಯರು ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿದರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಆಮೇಲೆ ಹತ್ತಿದರು.

ರಾಯರು ಇನ್ನು ಮೈಸೂರಿನಲ್ಲಿ ಮನೆ ಕಟ್ಟಿಸುವರಂತೆ. ಆ ಗುತ್ತಿಗೆದಾರರಿಗೆ ದೇವರು ತಾಳ್ಮೆ ಕೊಡಲಿ. ರಾಯರಿಗೂ ರಾಜಲಕ್ಷ್ಮಿಯವರಿಗೂ ತುಂಬು ಆಯುಷ್ಯ ಕೊಡಲಿ. ಅವರು ಇನ್ನೂ ಬಹುಕಾಲ ಊರೂರು ಸುತ್ತಿ ಎಲ್ಲರನ್ನೂ ಅದೇ ಪ್ರಶ್ನೆ ಕೇಳುತ್ತಿರಲಿ, ಕೇಳಿದ ಕಡೆಯಲ್ಲೆಲ್ಲ "ನಾನು ನೋಡಿದ್ದೇನೆ" ಎನ್ನುವವರೊಬ್ಬರು ಇರಲಿ.