ಅಜ್ಜಿಯ ಮೂರು ನಿಮಿಷ

ನಮ್ಮ ಕನ್ನಡ ಕೂಟದಲ್ಲಿ ಅಂಕಲ್‌ಗಳ ಭಾಷಣ ನಿಲ್ಲಿಸಲು ಗಂಟೆ ಬಾರಿಸುವವಳು ನಾನೇ. ಇದನ್ನು ಕೇಳಿ, ಅಮೆರಿಕದ ಮೂಲನಿವಾಸಿಗಳಾದ ಚೆರೋಕೀ ವಂಶದ ನನ್ನ ಸಹೋದ್ಯೋಗಿ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ನಡೆಯುವ ತಮ್ಮವರ ಸಭೆಗೂ ಅದೇ ಕೆಲಸಕ್ಕೆ ನನ್ನನ್ನು ಕರೆದೊಯ್ದಳು. ಒಬ್ಬರಿಗೆ ಮೂರು ನಿಮಿಷ ಎಂದು ನಿಯಮದ ಹಾಳೆಯಲ್ಲಿತ್ತು. ನಾನು ಓದಿದ್ದು ಅಷ್ಟೇ.

ಒಬ್ಬ ಅಜ್ಜಿ ಎದ್ದು ತಮ್ಮ ತಾಯಿ, ತಾಯಿಯ ತಾಯಿ, ಅವರ ತಾಯಿ ಎಂದು ಒಬ್ಬೊಬ್ಬರನ್ನೇ ನೆನೆಯುತ್ತಿದ್ದರು. ಮುಲಾಜಿಲ್ಲದೆ ಗಂಟೆ ಬಾರಿಸಿದೆ. ಅಜ್ಜಿ ಅರ್ಧಕ್ಕೇ ಕುಳಿತರು.

ಆಮೇಲೆ ಸಹೋದ್ಯೋಗಿ ಹಾಳೆಯ ಮುಂದಿನ ಸಾಲು ತೋರಿಸಿದಳು: ಹಿರಿಯರ ಮಾತನ್ನು ಯಾರೂ ತಡೆಯುವಂತಿಲ್ಲ. ಹೋಗಿ ಕ್ಷಮೆ ಕೇಳಲು ನನ್ನ ಜಂಬ ಬಿಡಲಿಲ್ಲ.

ಮುಂದಿನ ತಿಂಗಳು ಅಜ್ಜಿ ಚೀಟಿಯಲ್ಲಿ ಎರಡೇ ಸಾಲು ಬರೆದುಕೊಂಡು ಬಂದಿದ್ದರು. ಓದಿ ಮುಗಿಸಿ, "ಟೈಮ್ ಒಳಗೇ ಮುಗಿಸಿದೆ ಅಲ್ವಾ, ಮಗಳೇ?" ಎಂದು ನನ್ನನ್ನೇ ಕೇಳಿದರು.